ಹುಲ್ಲು ಹೇಳಿದಷ್ಟೇ ಜನ

ನೆಬ್ರಾಸ್ಕಾ ರಾಜ್ಯದ ಉತ್ತರದಂಚಿಗಿರುವ ಚೆರಿ ಕೌಂಟಿಗೆ ಆತುರದಲ್ಲಿ ಹೋಗಬಾರದು. ನಾವಿರುವ ಒಮಾಹಾದಿಂದ ಆ ಕೌಂಟಿಯ ಕೇಂದ್ರಸ್ಥಳವಾದ ವ್ಯಾಲೆಂಟೈನ್ ಪಟ್ಟಣಕ್ಕೆ ಸುಮಾರು 480 ಕಿಲೋಮೀಟರ್. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಿಬಿಡಬಹುದು. ಆದರೆ ಹಾಗೆ ತಲುಪಿ ಹಾಗೇ ಮರಳಿದವರಿಗೆ ಏನೂ ದಕ್ಕುವುದಿಲ್ಲ. "ಅಲ್ಲಿ ನೋಡೋಕೆ ಏನಿದೆ, ಬರೀ ಹುಲ್ಲು" ಎಂದು ಒಮಾಹಾದ ಕನ್ನಡದ ಗೆಳೆಯರು ಹೇಳುವುದುಂಟು. ಹೌದು, ಹುಲ್ಲೇ. ಆ ಹುಲ್ಲನ್ನು ನೋಡುವುದಕ್ಕೆಂದೇ ನಾನು ಹೋಗುತ್ತೇನೆ. ಬಿಡುವಾದಾಗಲೆಲ್ಲ ಹೋಗುತ್ತೇನೆ, ಋತು ಬದಲಾದಾಗ ಹೋಗುತ್ತೇನೆ, ಮನಸ್ಸು ಇಕ್ಕಟ್ಟಾದಾಗ ತಪ್ಪದೆ ಹೋಗುತ್ತೇನೆ.

ದಾರಿಯೇ ನಿಧಾನವಾಗಿ ನಮ್ಮನ್ನು ಸಜ್ಜುಗೊಳಿಸುತ್ತದೆ. ಒಮಾಹಾ ಬಿಟ್ಟ ಮೇಲೆ ಬಹಳ ಹೊತ್ತು ಮುಸುಕಿನ ಜೋಳ ಮತ್ತು ಸೋಯಾ ಹೊಲಗಳು. ಸಾಲೆಂದರೆ ಸಾಲು, ಒಂದಿಂಚು ನೆಲ ವ್ಯರ್ಥವಾಗಿಲ್ಲ. ಓನೀಲ್ ಪಟ್ಟಣ ದಾಟಿ 20ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿದಂತೆ ಹೊಲಗಳು ವಿರಳವಾಗುತ್ತವೆ, ಮನೆಗಳ ನಡುವಿನ ದೂರ ಬೆಳೆಯುತ್ತದೆ. ಐನ್ಸ್‌ವರ್ತ್ ಕಳೆದು ಸ್ವಲ್ಪ ದೂರಕ್ಕೆ ಉಳುಮೆಯ ನೆಲ ಬಹುಮಟ್ಟಿಗೆ ಮುಗಿದೇಹೋಗುತ್ತದೆ. ಎಡಕ್ಕೆ, ದಕ್ಷಿಣದ ಕಡೆಗೆ, ಮೊದಲ ದಿಬ್ಬಗಳು ಕಾಣುತ್ತವೆ. ಒಂದರ ಹಿಂದೆ ಒಂದು, ಮೈತುಂಬ ಹುಲ್ಲು ಹೊದ್ದ ದಿಬ್ಬಗಳು. ಬೇಸಿಗೆಯ ಆರಂಭದಲ್ಲಿ ತಿಳಿಹಸಿರು, ಆಗಸ್ಟ್ ಹೊತ್ತಿಗೆ ಹೊಂಬಣ್ಣ, ಅಕ್ಟೋಬರಿನಲ್ಲಿ ಬ್ಲೂಸ್ಟೆಮ್ ಹುಲ್ಲು ಹಣ್ಣಾಗಿ ಇಡೀ ಸೀಮೆಯೇ ಕೆಂಗಂದು. ಮರವೆಂಬುದು ದನ ಸಾಕುವ ರಾಂಚುಗಳ ಮನೆಗಳ ಸುತ್ತ ಗಾಳಿ ತಡೆಯಲು ನೆಟ್ಟ ಸಾಲುಗಳಲ್ಲಿ ಮಾತ್ರ.

ಈ ಕೌಂಟಿ 15,500 ಚದರ ಕಿಲೋಮೀಟರಿಗೂ ದೊಡ್ಡದು. ನೆಬ್ರಾಸ್ಕಾದಲ್ಲಿ ಇದಕ್ಕಿಂತ ದೊಡ್ಡ ಕೌಂಟಿ ಇಲ್ಲ. ಕನೆಕ್ಟಿಕಟ್ ಎಂಬ ಇಡೀ ರಾಜ್ಯವೇ ಇದಕ್ಕಿಂತ ಚಿಕ್ಕದು. ನಮ್ಮ ಕಡೆಯವರಿಗೆ ಹೇಳುವಾಗ ಬೆಳಗಾವಿ ಜಿಲ್ಲೆಗಿಂತ ದೊಡ್ಡದು ಅನ್ನುತ್ತೇನೆ, ಅವರು ತಲೆದೂಗುತ್ತಾರೆ. 2020ರ ಜನಗಣತಿಯಲ್ಲಿ ಇಲ್ಲಿ ಸಿಕ್ಕವರು 5,455 ಮಂದಿ ಎಂದಾಗ ಮಾತು ನಿಂತುಬಿಡುತ್ತದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ವ್ಯಾಲೆಂಟೈನ್ ಪಟ್ಟಣದಲ್ಲೇ ಇದ್ದಾರೆ. ಉಳಿದವರನ್ನು ಉಳಿದ ನೆಲಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಐದಾರು ಚದರ ಕಿಲೋಮೀಟರ್ ಬರುತ್ತದೆ. ಕೌಂಟಿ ಎಷ್ಟು ಅಗಲವೆಂದರೆ ಪೂರ್ವಭಾಗದ ಗಡಿಯಾರ ಒಂದು ಗಂಟೆ ತೋರಿಸಿದರೆ ಪಶ್ಚಿಮಭಾಗದ್ದು ಇನ್ನೊಂದು ಗಂಟೆ ತೋರಿಸುತ್ತದೆ. ಎರಡು ಕಾಲವಲಯಗಳ ಗೆರೆ ಹುಲ್ಲಿನ ನಡುವೆ ಹಾದುಹೋಗಿದೆ.

ಇಷ್ಟು ನೆಲಕ್ಕೆ ಇಷ್ಟೇ ಜನ ಯಾಕೆ ಎಂಬುದೇ ನನ್ನನ್ನು ಈ ಸೀಮೆಗೆ ಕಟ್ಟಿಹಾಕಿದ ಪ್ರಶ್ನೆ. ಉತ್ತರ ಕಾಲಡಿಯಲ್ಲೇ ಇದೆ. ಹುಲ್ಲನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಕೆಳಗೆ ಮಣ್ಣಿಲ್ಲ. ಮರಳು, ಹಿಟ್ಟಿನಷ್ಟು ನುಣುಪಾದ ಮಸುಕು ಹಳದಿ ಮರಳು. ನಾವು ಗುಡ್ಡ ಎಂದುಕೊಂಡದ್ದೆಲ್ಲ ಗಾಳಿ ತಂದು ಸುರಿದ ಮರಳಿನ ದಿಬ್ಬ. ಸ್ಯಾಂಡ್‌ಹಿಲ್ಸ್ ಎನಿಸಿಕೊಂಡ ಈ ದಿಬ್ಬಗಳ ರಾಶಿ ಐವತ್ತು ಸಾವಿರ ಚದರ ಕಿಲೋಮೀಟರಿನಷ್ಟು, ನೆಬ್ರಾಸ್ಕಾದ ಕಾಲುಭಾಗದಷ್ಟು, ಹರಡಿಕೊಂಡಿದೆ. ಅಮೆರಿಕ ಖಂಡಗಳೆರಡರಲ್ಲೂ ಇಷ್ಟು ದೊಡ್ಡ ಮರಳುದಿಬ್ಬಗಳ ಪ್ರದೇಶ ಬೇರೆ ಇಲ್ಲ. ಕೆಲವು ದಿಬ್ಬಗಳು 120 ಮೀಟರ್ ಎತ್ತರ, 30 ಕಿಲೋಮೀಟರ್ ಉದ್ದ. ಸಾವಿರ ವರ್ಷಗಳ ಹಿಂದೆ ದೀರ್ಘ ಬರಗಾಲಗಳು ಬಂದಾಗ ಇವು ಮೈಕೊಡವಿಕೊಂಡು ಹರಿದಾಡಿದ್ದಕ್ಕೆ ಭೂವಿಜ್ಞಾನಿಗಳು ಪುರಾವೆ ತೆಗೆದಿದ್ದಾರೆ. ಮಳೆ ಮರಳಿದಾಗ ಹುಲ್ಲೂ ಮರಳಿತು, ದಿಬ್ಬಗಳನ್ನು ಹಿಡಿದು ಕೂರಿಸಿತು. ಇಂದಿಗೂ ಹಿಡಿದಿರುವುದು ಅದೇ ಹುಲ್ಲು. ಇಡೀ ಕೌಂಟಿಯ ರಸ್ತೆ, ಮನೆ, ಶಾಲೆ, ಸಾಲ, ಸಂಸಾರ ಎಲ್ಲವೂ ಈ ಹುಲ್ಲಿನ ಬೇರು ಹಿಡಿದದ್ದರ ಮೇಲೆ ನಿಂತಿವೆ.

ಹಿಡಿತ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಇಲ್ಲೇ ನೋಡಬಹುದು. ದನಗಳು ಪದೇಪದೇ ತುಳಿದ ಕಡೆ, ಬೇಲಿಯ ಮೂಲೆಯಲ್ಲಿ, ಗಾಡಿ ಒಂದೇ ಜಾಡಿನಲ್ಲಿ ಓಡಾಡಿದ ಕಡೆ ಹುಲ್ಲು ಸವೆದು ಅಂಗೈಯಗಲ ಮರಳು ಬಯಲಾಗುತ್ತದೆ. ವಾಯವ್ಯದ ಗಾಳಿಗೆ ಅಷ್ಟು ಸಾಕು. ಕೊರೆಯುತ್ತ ಕೊರೆಯುತ್ತ ದಿಬ್ಬದ ಬೆನ್ನಿನಲ್ಲಿ ಮನೆಯೇ ಹಿಡಿಯುವಷ್ಟು ದೊಡ್ಡ ಗುಳಿ ತೋಡುತ್ತದೆ. ಬ್ಲೋಔಟ್ ಎನ್ನುತ್ತಾರೆ. ರಾಂಚಿನವರು ಹಳೆಯ ಟಯರುಗಳನ್ನು, ಕೊಳೆತ ಹುಲ್ಲಿನ ಉರುಳೆಗಳನ್ನು ತಂದು ಅದರ ಬಾಯಿಗೆ ಸುರಿಯುತ್ತಾರೆ. ಗಾಳಿಯ ಓಟ ಮುರಿದರೆ ಮರಳು ನಿಲ್ಲುತ್ತದೆ, ಮರಳು ನಿಂತರೆ ಹುಲ್ಲಿನ ಬೀಜ ಮೊಳೆಯುತ್ತದೆ.

ಒಂದು ಜೂನಿನಲ್ಲಿ ಅಂಥ ಗುಳಿಯ ಅಂಚಿಗೆ ಮಂಡಿಯೂರಿ ಕೂತು ನಾನು ಬ್ಲೋಔಟ್ ಪೆನ್‌ಸ್ಟೆಮನ್ ಎಂಬ ಗಿಡವನ್ನು ನೋಡಿದೆ. ಮೊಳಕಾಲಿಗೂ ಬಾರದ ಎತ್ತರ. ಬೂದಿ ಬಳಿದಂತಿದ್ದ ದಪ್ಪ ಎಲೆಗಳು. ಆ ಎಲೆಗಳ ಕಂಕುಳಿನಿಂದ ತಿಳಿನೇರಳೆಯ ಕೊಳವೆಹೂಗಳು ಮಟ್ಟಮಟ್ಟವಾಗಿ ಒತ್ತಿಕೊಂಡು ಅರಳಿದ್ದವು. ಬಗ್ಗುವುದಕ್ಕೆ ಮೊದಲೇ ಅದರ ಸುವಾಸನೆ ಮೂಗಿಗೆ ಬಂದಿತ್ತು. ಬುಡದ ಮರಳು ಗಾಳಿಗೆ ಸರಿಯುತ್ತಲೇ ಇತ್ತು, ಗಿಡ ಅಲುಗಾಡದೆ ನಿಂತಿತ್ತು. ಬಯಲಾದ ಮರಳಿನಲ್ಲೇ ಬಾಳುವ ಗಿಡ ಇದು. ಸುತ್ತ ಹುಲ್ಲು ದಟ್ಟವಾದರೆ ಇದು ಬದುಕುವುದಿಲ್ಲ. ರಾಂಚಿನವರು ಗುಳಿಗಳನ್ನು ಮುಚ್ಚುತ್ತ ಬಂದಂತೆ ಇದು ಕ್ಷೀಣಿಸಿತು. 1940ರ ಹೊತ್ತಿಗೆ ಅಳಿದೇಹೋಯಿತು ಎಂದು ಸಸ್ಯವಿಜ್ಞಾನಿಗಳು ಕೈಬಿಟ್ಟಿದ್ದರು. 1968ರಲ್ಲಿ ಮತ್ತೆ ಸಿಕ್ಕಿತು. 1987ರಲ್ಲಿ ಅಳಿವಿನಂಚಿನ ಸಸ್ಯವೆಂದು ಕೇಂದ್ರ ಸರ್ಕಾರ ರಕ್ಷಣೆ ಕೊಟ್ಟಿತು. ಈಗ ಅದನ್ನು ಸಸಿಮಡಿಯಲ್ಲಿ ಬೆಳೆಸಿ ಮರಳಿಗೆ ನೆಡುತ್ತಾರೆ. ನೆಲ ಪೂರ್ತಿ ಬಿಗಿಯಾದರೂ ಕಷ್ಟ, ಪೂರ್ತಿ ಸಡಿಲವಾದರೂ ಕಷ್ಟ. ಎರಡರ ನಡುವಿನ ಹದ ಕಾಯುವುದೇ ಇಲ್ಲಿನ ಬಾಳುವೆ.

ಇನ್ನು ನೀರು. ವರ್ಷಕ್ಕೆ ಅರ್ಧ ಮೀಟರ್ ಮಳೆ ಬಿದ್ದರೆ ಹೆಚ್ಚು. ಆದರೆ ಬಿದ್ದ ಹನಿ ಹರಿದುಹೋಗದೆ ಮರಳಿಗೆ ನೇರ ಇಳಿಯುತ್ತದೆ. ಕೆಳಗೆ ಒಗಲಾಲಾ ಎಂಬ ಮಹಾ ಅಂತರ್ಜಲ ಭಂಡಾರವಿದೆ. ದಕ್ಷಿಣ ಡಕೋಟಾದಿಂದ ಟೆಕ್ಸಾಸ್‌ವರೆಗೆ ಹಬ್ಬಿದ ಈ ಭಂಡಾರದ ನೀರಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೆಬ್ರಾಸ್ಕಾದ ಅಡಿಯಲ್ಲೇ ಇದೆ. ಟೆಕ್ಸಾಸ್, ಕಾನ್ಸಾಸ್ ಕಡೆ ಬೋರ್‌ವೆಲ್ಲುಗಳು ಅದನ್ನು ಬತ್ತಿಸುತ್ತಿದ್ದರೆ ಇಲ್ಲಿ ಅದು ತುಂಬಿಕೊಂಡೇ ಇದೆ. ದಿಬ್ಬಗಳ ನಡುವಿನ ತಗ್ಗಿನಲ್ಲಿ ನೆಲದ ಮಟ್ಟಕ್ಕೇ ನೀರು ಬಂದು ಕೆರೆಯಾಗಿ ನಿಲ್ಲುತ್ತದೆ. ಅಣೆಯಿಲ್ಲ, ಕೋಡಿಯಿಲ್ಲ, ತುಂಬಿಸುವ ಹಳ್ಳವಿಲ್ಲ. ಕೆಳಗಿನ ನೀರೇ ಮೇಲೆ ಕಣ್ಣುಬಿಟ್ಟಿದೆ. ವ್ಯಾಲೆಂಟೈನ್‌ನ ದಕ್ಷಿಣಕ್ಕೆ ಇಂಥ ಹಲವು ಕೆರೆಗಳನ್ನು ಒಳಗೊಂಡು 1935ರಲ್ಲಿ ವನ್ಯಜೀವಿ ಧಾಮ ಮಾಡಿದ್ದಾರೆ. ಏಪ್ರಿಲಿನ ನಸುಕಿನಲ್ಲಿ ಅಲ್ಲಿ ಪ್ರೇರಿ ಕೋಳಿಗಳು ಕುಣಿಯುತ್ತವೆ. ಗಂಡುಗಳು ಕೊರಳಿನ ಕಿತ್ತಳೆಬಣ್ಣದ ಚೀಲಗಳನ್ನು ಉಬ್ಬಿಸಿ ಹೂಂಕರಿಸುವ ಸದ್ದು ಮೈಲಿ ದೂರಕ್ಕೆ ಕೇಳುತ್ತದೆ. ಹಳದಿ ಗಂಟಲಿನ ಬ್ಲಾಂಡಿಂಗ್ಸ್ ಆಮೆಗಳಿಗೂ ಇದೇ ದೊಡ್ಡ ನೆಲೆ. ಮೊಟ್ಟೆಯಿಡುವ ಕಾಲಕ್ಕೆ ಅವು 83ನೇ ಹೆದ್ದಾರಿ ದಾಟಲು ಹೋಗಿ ಸಾಯುತ್ತಿದ್ದವೆಂದು ರಸ್ತೆಯ ಬದಿಗೆ ಬೇಲಿ ಕಟ್ಟಿ, ಅಡಿಯ ಮೋರಿಗಳ ಕಡೆ ಅವುಗಳಿಗೆ ದಾರಿ ಮಾಡಿಕೊಟ್ಟಿದ್ದಾರೆ.

ಕೌಂಟಿಯ ಉತ್ತರಕ್ಕೆ ನಯೊಬ್ರಾರಾ ನದಿ. ಮರಳುಗುಡ್ಡಗಳಿಂದ ಒಸರುವ ನೀರು ಇದನ್ನು ವರ್ಷವಿಡೀ ಒಂದೇ ಹದದಲ್ಲಿ ಹರಿಸುತ್ತದೆ. ಕಣಿವೆಗೆ ಇಳಿದರೆ ಬೇರೆಯೇ ಲೋಕ. ಪಶ್ಚಿಮದ ಬೆಟ್ಟಗಳ ಪಾಂಡರೋಸಾ ಪೈನ್, ಪೂರ್ವದ ಕಾಡುಗಳ ಓಕ್ ಮತ್ತು ಬಾಸ್‌ವುಡ್, ಹಿಮಯುಗದಲ್ಲಿ ಉತ್ತರದಿಂದ ಬಂದು ತಣ್ಣನೆಯ ಕೊರಕಲುಗಳಲ್ಲಿ ಉಳಿದುಕೊಂಡ ಬಿಳಿತೊಗಟೆಯ ಬರ್ಚ್, ಇವೆಲ್ಲ ಒಂದೇ ಕಣಿವೆಯಲ್ಲಿ ಕೂಡಿವೆ. ಸ್ಪಾರ್ಕ್ಸ್ ಊರಿನ ಹತ್ತಿರ ಸ್ಮಿತ್ ಫಾಲ್ಸ್ ಇದೆ. 19 ಮೀಟರ್ ಎತ್ತರದಿಂದ ಗಂಟೆಯಾಕಾರದ ಬಂಡೆಯ ಮೇಲೆ ಹರಡಿಕೊಂಡು ಬೀಳುವ ಇದೇ ನೆಬ್ರಾಸ್ಕಾದ ಅತಿ ಎತ್ತರದ ಜಲಪಾತ. ಜೋಗ ಕಂಡವರಿಗೆ ಎತ್ತರದಲ್ಲಿ ಇದು ಏನೂ ಅಲ್ಲ. ಆದರೆ ಮೇಲಿನ ಮರಳಿನಲ್ಲಿ ಬಿಸಿಲು ಕುಡಿದು ಬಂದವರು ಅದರ ಕೆಳಗೆ ಕಾಲಿಟ್ಟು ನೋಡಬೇಕು. ನೆಲದ ಹೊಟ್ಟೆಯಿಂದ ಬಂದ ನೀರು ಕಡುಬೇಸಿಗೆಯಲ್ಲೂ ಮೂಳೆಗೆ ತಾಕುವಷ್ಟು ತಣ್ಣಗಿರುತ್ತದೆ. ಈ ನದಿಗೆ ನಾರ್ಡನ್ ಎಂಬಲ್ಲಿ ದೊಡ್ಡ ಅಣೆಕಟ್ಟು ಕಟ್ಟುವ ಯೋಜನೆಯಿತ್ತು. ನದಿದಂಡೆಯ ರಾಂಚಿನವರೂ ಪರಿಸರದವರೂ ಸೇರಿ ವರ್ಷಗಟ್ಟಲೆ ಹೋರಾಡಿ ಅದನ್ನು ನಿಲ್ಲಿಸಿದರು. 1991ರಲ್ಲಿ ನದಿಯ 76 ಮೈಲಿ ಭಾಗಕ್ಕೆ ರಾಷ್ಟ್ರೀಯ ರಮ್ಯನದಿ ಎಂಬ ರಕ್ಷಣೆ ಸಿಕ್ಕಿತು.

ಬಿಳಿಯರು ಈ ಸೀಮೆಯನ್ನು ಬಹುಕಾಲ ಮರುಭೂಮಿಯೆಂದೇ ತಿಳಿದಿದ್ದರು. ಲಕೋಟಾ, ಪಾನೀ, ಪಾಂಕಾ ಜನಗಳಿಗೆ ಇದು ಮರುಭೂಮಿ ಆಗಿರಲಿಲ್ಲ. ಬೈಸನ್ ಹಿಂಡುಗಳ ಹಿಂದೆ ಅವರು ಈ ದಿಬ್ಬಗಳನ್ನೆಲ್ಲ ಸುತ್ತಿ ಬಲ್ಲವರು. 1870ರ ದಶಕ ಮುಗಿಯುವುದರೊಳಗೆ ಬೈಸನ್‌ಗಳನ್ನು ಕೊಂದು ಮುಗಿಸಲಾಯಿತು, ಲಕೋಟಾ ಜನರನ್ನು ಉತ್ತರದ ರೋಸ್‌ಬಡ್ ಮೀಸಲು ಪ್ರದೇಶಕ್ಕೆ ಸೇರಿಸಲಾಯಿತು. ಅವರ ಮೇಲೆ ಕಣ್ಣಿಡಲು 1880ರಲ್ಲಿ ನಯೊಬ್ರಾರಾ ಕೋಟೆ ಎದ್ದಿತು. ರೋಸ್‌ಬಡ್ ಇಂದಿಗೂ ಕೌಂಟಿಯ ಗಡಿಯಾಚೆಗೇ ಇದೆ; ವ್ಯಾಲೆಂಟೈನ್ ಪೇಟೆಯ ಬೀದಿಯಲ್ಲಿ ಲಕೋಟಾ ಕುಟುಂಬಗಳು ದಿನವೂ ಕಾಣಸಿಗುತ್ತವೆ. ಈ ನೆಲದ ಚರಿತ್ರೆಯನ್ನು ರಾಂಚುಗಳಿಂದ ಶುರುಮಾಡುವವರು ಅದರ ದೊಡ್ಡ ಭಾಗವನ್ನೇ ಬಿಟ್ಟಂತೆ.

ದನ ಸಾಕುವವರಿಗೆ ಈ ಹುಲ್ಲಿನ ಬೆಲೆ ತಿಳಿದದ್ದು ಒಂದು ಹಿಮಗಾಳಿಯಿಂದ. ನಯೊಬ್ರಾರಾ ದಂಡೆಯಲ್ಲಿ ದನ ಬಿಟ್ಟಿದ್ದ ಎನ್-ಬಾರ್ ರಾಂಚಿನವರು ತಮ್ಮ ಹಿಂಡು ದಕ್ಷಿಣದ ಮರಳುಗುಡ್ಡಗಳಿಗೆ ನುಗ್ಗದಂತೆ ಕಾವಲು ಹಾಕುತ್ತಿದ್ದರು. ಒಳಗೆ ಹೋದದ್ದು ಹಸಿವಿನಿಂದ ಸಾಯುತ್ತದೆ, ಹುಡುಕಲು ಹೋದವನೂ ದಾರಿತಪ್ಪಿ ಸಾಯುತ್ತಾನೆ ಎಂಬ ಭಯ. 1879ರ ಮಾರ್ಚಿನಲ್ಲಿ ಬೀಸಿದ ಹಿಮಗಾಳಿಗೆ ಬೆನ್ನುಕೊಟ್ಟು ಸಾವಿರಾರು ದನ ಗುಡ್ಡಗಳೊಳಗೆ ಹೊಕ್ಕವು. ವಸಂತದಲ್ಲಿ, ಉಳಿದಷ್ಟನ್ನಾದರೂ ತರೋಣ ಎಂದು ಸವಾರರ ತಂಡ ಹೊರಟಿತು. ಮುಂದೆ ಬಹುಕಾಲ ಒಮಾಹಾದ ಮೇಯರ್ ಆಗಿದ್ದ ಜಿಮ್ ಡಾಲ್‌ಮನ್ ಆಗ ಆ ತಂಡದಲ್ಲೊಬ್ಬ ತರುಣ. ಒಳಗೆ ಅವರು ಕಂಡದ್ದು ಮೈಕೈ ತುಂಬಿಕೊಂಡು ಮಿರುಗುತ್ತಿದ್ದ ದನ. ತಮ್ಮವಷ್ಟೇ ಅಲ್ಲ, ಹಿಂದಿನ ವರ್ಷಗಳಲ್ಲಿ ತಪ್ಪಿಸಿಕೊಂಡು ಒಳಗೇ ಈದು ಬೆಳೆದು ಯಾರ ಮುದ್ರೆಯೂ ಇಲ್ಲದ ದನಗಳೂ ಸಿಕ್ಕವು. ಗಾಳಿಗೆ ಮರೆಯಾದ ಕಣಿವೆ, ಬತ್ತದ ನೀರು, ಒಣಗಿ ನಿಂತರೂ ಸತ್ವ ಬಿಡದ ಹುಲ್ಲು, ಇವೆಲ್ಲ ಗುಡ್ಡಗಳ ಒಳಗೇ ಇದ್ದವು. ಸುದ್ದಿ ಹಬ್ಬಿತು, ಹಿಂಡುಗಳು ಒಳಗೆ ಬಂದವು.

1883ರಲ್ಲಿ ರೈಲು ಬಂತು, ಕೌಂಟಿಯೂ ಅದೇ ವರ್ಷ ಹುಟ್ಟಿತು. ನಯೊಬ್ರಾರಾ ಕೋಟೆಯ ಲೆಫ್ಟಿನೆಂಟ್ ಸ್ಯಾಮ್ಯುಯೆಲ್ ಚೆರಿ 1881ರಲ್ಲಿ ದರೋಡೆಕೋರರನ್ನು ಅಟ್ಟಿಸಿಕೊಂಡು ಹೋದಾಗ ತನ್ನದೇ ತುಕಡಿಯ ಸೈನಿಕನ ಗುಂಡಿಗೆ ಬಲಿಯಾಗಿದ್ದ. ಅವನ ನೆನಪು ಕೌಂಟಿಯ ಹೆಸರಿನಲ್ಲಿ ಉಳಿಯಿತು. ಪಟ್ಟಣಕ್ಕೆ ಎಡ್ವರ್ಡ್ ವ್ಯಾಲೆಂಟೈನ್ ಎಂಬ ಸಂಸದನ ಹೆಸರಿಟ್ಟರು. ಈಗ ಫೆಬ್ರುವರಿ ಬಂದರೆ ದೇಶದೆಲ್ಲೆಡೆಯಿಂದ ಪ್ರೇಮಪತ್ರಗಳು ಇಲ್ಲಿನ ಅಂಚೆಕಚೇರಿಗೆ ಬಂದು, ವ್ಯಾಲೆಂಟೈನ್ ಮುದ್ರೆ ಒತ್ತಿಸಿಕೊಂಡು, ಸೇರಬೇಕಾದವರ ಕೈ ಸೇರುತ್ತವೆ.

ಹುಲ್ಲು ಸರ್ಕಾರದ್ದು, ದನ ರಾಂಚಿನವರದ್ದು. ಆ ಕಾಲದ ವ್ಯವಸ್ಥೆ ಹಾಗಿತ್ತು. ದೊಡ್ಡ ರಾಂಚಿನವರು ಸರ್ಕಾರಿ ನೆಲಕ್ಕೂ ಮುಳ್ಳುತಂತಿ ಬಿಗಿದು ತಮ್ಮದೆಂದರು. ಚೆರಿ ಮತ್ತು ಪಕ್ಕದ ಶೆರಿಡನ್ ಕೌಂಟಿಗಳಲ್ಲಿ ಹರಡಿದ್ದ ಸ್ಪೇಡ್ ರಾಂಚಿನ ಬಾರ್ಟ್ಲೆಟ್ ರಿಚರ್ಡ್ಸ್ ಮತ್ತು ವಿಲ್ ಕಾಮ್‌ಸ್ಟಾಕ್ ಇದರಲ್ಲಿ ಹೆಸರಾದವರು. 1905ರಲ್ಲಿ ತಪ್ಪೊಪ್ಪಿಕೊಂಡಾಗ ಕೋರ್ಟು ವಿಧಿಸಿದ್ದು 300 ಡಾಲರ್ ದಂಡ ಮತ್ತು ಆರು ಗಂಟೆಯ ಬಂಧನ. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್‌ಗೆ ಇದನ್ನು ಸಹಿಸಲಾಗಲಿಲ್ಲ. ಮರುವರ್ಷ ಬೇರೆ ಮೊಕದ್ದಮೆಯಲ್ಲಿ ಒಂದು ವರ್ಷದ ಸೆರೆವಾಸ ಬಿತ್ತು. ಮೇಲ್ಮನವಿಗಳೆಲ್ಲ ಮುಗಿದ ಮೇಲೆ ಸೆರೆಗೆ ಹೋದ ರಿಚರ್ಡ್ಸ್ ಬಿಡುಗಡೆಗೆ ಮುನ್ನವೇ 1911ರಲ್ಲಿ ತೀರಿಕೊಂಡ. ಬೇಲಿಗಳು ಇಳಿದವು.

ಬೇಲಿ ಇಳಿದ ನೆಲಕ್ಕೆ ಜನ ಬಂದರು. ಬೇರೆಡೆ 160 ಎಕರೆ ಕೊಡುತ್ತಿದ್ದ ಹೋಮ್‌ಸ್ಟೆಡ್ ಕಾನೂನು ಇಲ್ಲಿ ಸಾಲದು ಎಂದು ಓನೀಲ್‌ನ ಸಂಸದ ಮೋಸೆಸ್ ಕಿಂಕೆಯ್ಡ್ 1904ರಲ್ಲಿ ಹೊಸ ಕಾನೂನು ತಂದ. ಐದು ವರ್ಷ ಮನೆ ಕಟ್ಟಿಕೊಂಡು ಬಾಳಿದರೆ 640 ಎಕರೆ. ವ್ಯಾಲೆಂಟೈನ್‌ನ ಭೂಕಚೇರಿಯ ಮುಂದೆ ಜನ ಸಾಲುಗಟ್ಟಿದರು. ಮರವಿಲ್ಲದ ಊರಲ್ಲಿ ಹುಲ್ಲುಬೇರಿನ ಹೆಂಟೆಗಳನ್ನೇ ಇಟ್ಟಿಗೆಯಂತೆ ಪೇರಿಸಿ ಮನೆ ಕಟ್ಟಿದರು, ಒಣಗಿದ ಸಗಣಿ ಆಯ್ದು ಒಲೆ ಉರಿಸಿದರು. 1900ರಲ್ಲಿ ಆರೂವರೆ ಸಾವಿರವಿದ್ದ ಕೌಂಟಿಯ ಜನಸಂಖ್ಯೆ 1920ರಲ್ಲಿ ಹನ್ನೊಂದು ಸಾವಿರ ದಾಟಿತು. ಅಷ್ಟು ಜನ ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲಿಲ್ಲ.

ಹಾಗೆ ಬಂದವರಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಡೆವಿಟಿ ಎಂಬ ಊರಿನ ಜನರ ಮೇಲೆ. 1907ರ ಸುಮಾರಿಗೆ ಬ್ರೌನ್‌ಲೀ ಹತ್ತಿರ, ಉತ್ತರ ಲೂಪ್ ನದಿಯ ದಂಡೆಯಲ್ಲಿ ಕಪ್ಪುಜನರ ಕುಟುಂಬಗಳು ಬಂದು ನೆಲೆನಿಂತವು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದ್ದವರ ಮಕ್ಕಳು ಮೊಮ್ಮಕ್ಕಳು ಅವರಲ್ಲಿ ಹಲವರು. ಹುಲ್ಲುಹೆಂಟೆಯ ಮನೆ, ಚರ್ಚು, ಶಾಲೆ, ಅಂಚೆಕಚೇರಿ, ನಾರ್ತ್ ಲೂಪ್ ಸ್ಲಗರ್ಸ್ ಎಂಬ ಬೇಸ್‌ಬಾಲ್ ತಂಡ, ಎಲ್ಲವನ್ನೂ ಕಟ್ಟಿಕೊಂಡರು. ಬೇಸಿಗೆಯಲ್ಲಿ ಅವರ ಪಿಕ್ನಿಕ್ಕಿಗೆ ಬ್ರೌನ್‌ಲೀಯ ಬಿಳಿಯರೂ ಬಂದು ಸೇರುತ್ತಿದ್ದರು. ಇದೇ ಊರಿಗೆ ಅಡೇಶಿಯಸ್ ಎಂಬ ಎರಡನೆಯ ಹೆಸರೂ ಇತ್ತು. ಎದೆಗಾರರ ಊರು. ನೆಬ್ರಾಸ್ಕಾದ ಕಪ್ಪುಜನರ ಹಳ್ಳಿಗಾಡಿನ ನೆಲೆಗಳಲ್ಲಿ ಇದೇ ಅತಿ ದೊಡ್ಡದು, ಇದೇ ಹೆಚ್ಚು ಕಾಲ ಬಾಳಿದ್ದು. ಮಕ್ಕಳಲ್ಲಿ ಅನೇಕರು ಓದಿ ಶಿಕ್ಷಕರಾದರು. ಈಗ ಅಲ್ಲಿ ಒಂದು ಗೋಡೆಯೂ ಇಲ್ಲ. 83ನೇ ಹೆದ್ದಾರಿಯ ಬದಿಗೆ 2016ರಲ್ಲಿ ನಿಲ್ಲಿಸಿದ ಸ್ಮಾರಕ ಫಲಕವಿದೆ. ಆ ಫಲಕದ ಮುಂದೆ ನಿಂತಾಗ, ಒಂದು ತಲೆಮಾರು ಓಡಿ ಪಾರಾಗಿ, ಮುಂದಿನ ತಲೆಮಾರು ತನ್ನದೆನ್ನುವ ನೆಲಕ್ಕಾಗಿ ಇಷ್ಟು ದೂರ ಬಂದ ಧೈರ್ಯಕ್ಕೆ ಕೈಮುಗಿಯಬೇಕೆನಿಸುತ್ತದೆ.

ಅವರೂ ಹೋದರು, ಕಿಂಕೆಯ್ಡ್ ಕಾನೂನಿನಡಿ ಬಂದ ಉಳಿದವರೂ ಹೋದರು. ಸೋಮಾರಿತನದಿಂದ ಹೋದವರಲ್ಲ ಇವರು. ಈ ನೆಲದಲ್ಲಿ ಒಂದು ಹಸುವನ್ನು ವರ್ಷಪೂರ್ತಿ ಸಾಕಲು ಹದಿನೈದು ಇಪ್ಪತ್ತು ಎಕರೆ ಬೇಕು. 640 ಎಕರೆಯಲ್ಲಿ ಮೂವತ್ತು ನಲವತ್ತು ಹಸು. ಅಷ್ಟರಲ್ಲಿ ಒಂದು ಸಂಸಾರ ಸಾಗದು. ಉತ್ತು ಬಿತ್ತಿದರೆ ಮೊದಲೆರಡು ವರ್ಷ ಬೆಳೆ, ಆಮೇಲೆ ಗಾಳಿಗೆ ಹಾರುವ ಮರಳು. ಮೊದಲ ಮಹಾಯುದ್ಧದ ನಂತರ ಬೆಲೆಗಳು ಬಿದ್ದವು, 1930ರ ದಶಕದಲ್ಲಿ ಬರ ಬಂತು. ಜನ ತಮ್ಮ ಜಮೀನನ್ನು ಪಕ್ಕದ ರಾಂಚಿಗೆ ಮಾರಿ ಹೊರಟರು. ಉತ್ತ ನೆಲಕ್ಕೆ ಮತ್ತೆ ಹುಲ್ಲು ಬಂತು. ಜನಸಂಖ್ಯೆ 2000ದಲ್ಲಿ 6,148, 2010ರಲ್ಲಿ 5,713, 2020ರಲ್ಲಿ 5,455. ನೂರು ವರ್ಷದಲ್ಲಿ ಅರ್ಧಕ್ಕೂ ಕೆಳಗೆ.

ಅದೇ ನೆಲದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹಸುಗಳಿವೆ. ಮಾಂಸಕ್ಕಾಗಿ ಸಾಕುವ ಹಸುಗಳ ಸಂಖ್ಯೆಯಲ್ಲಿ ಇಡೀ ಅಮೆರಿಕದ ಕೌಂಟಿಗಳ ಪೈಕಿ ಚೆರಿಯೇ ಮುಂದು. ದಾರಿ ಕೇಳಲು ಗಾಡಿ ನಿಲ್ಲಿಸಿ ಒಬ್ಬ ಹಿರಿಯ ರಾಂಚಿನವರ ಜೊತೆ ಮಾತಿಗೆ ಬಿದ್ದಿದ್ದೆ. ಎದುರಿಗೆ ಗಾಳಿಯಂತ್ರ ತಿರುಗುತ್ತಿತ್ತು. ಕಂಬಿ ಒಮ್ಮೆ ಮೇಲೆದ್ದು ಕೆಳಗಿಳಿದಾಗಲೆಲ್ಲ ಉಕ್ಕಿನ ದುಂಡು ತೊಟ್ಟಿಗೆ ಒಂದು ಗುಟುಕು ನೀರು ಬೀಳುತ್ತಿತ್ತು, ಸ್ವಲ್ಪ ತಡೆದು ಮತ್ತೊಂದು ಗುಟುಕು. ತೊಟ್ಟಿ ತುಂಬಿ ಹೊರಚೆಲ್ಲಿದ ನೀರಿನ ಸುತ್ತ ಪುಟ್ಟ ಹಸಿರು ವೃತ್ತ. ಹಸುಗಳು ಸರದಿಯಲ್ಲಿ ಬಂದು ಮೂತಿ ಅದ್ದಿ ಹೋಗುತ್ತಿದ್ದವು. "ನಿಮ್ಮಲ್ಲಿ ಎಷ್ಟು ದನ?" ಎಂದೆ. ಇಲ್ಲಿ ಹಾಗೆ ಕೇಳುವುದು ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದಂತೆ. ಆದರೂ ಅವರು ಮುಖ ಸಿಂಡರಿಸಲಿಲ್ಲ. "ಅದನ್ನ ನಾನು ಹೇಳೋದಲ್ಲ, ಹುಲ್ಲು ಹೇಳುತ್ತೆ. ಮಳೆಯಾದ ವರ್ಷ ಒಂದಷ್ಟು, ಆಗದ ವರ್ಷ ಕಮ್ಮಿ. ನಾನು ಬೆಳೆಯೋದು ಹುಲ್ಲು, ದನ ಅದನ್ನ ಕೊಯ್ಯುತ್ತೆ" ಎಂದರು.

ಅವರು ದನದ ಬಗ್ಗೆ ಹೇಳಿದ್ದು ಜನಕ್ಕೂ ನಿಜ ಎಂಬುದು ಈ ಕೌಂಟಿಯಿಂದ ನಾನು ಕಲಿತ ಪಾಠ. ಕುಗ್ಗಿದ ಜನಸಂಖ್ಯೆಯನ್ನು ಕಂಡಲ್ಲೆಲ್ಲ ಊರು ಸೋತಿತು ಎನ್ನುವುದು ನಮಗೆ ರೂಢಿ. ಇಲ್ಲಿ ನಡೆದದ್ದು ಬೇರೆ. ಹನ್ನೊಂದು ಸಾವಿರ ಜನ ಈ ನೆಲದ ಮೇಲೆ ಬಂದು ಕೂತಾಗ ಹುಲ್ಲು ಸವೆಯಿತು. ಕಾನೂನು ಕರೆದಿತ್ತು, ನೆಲ ಕರೆದಿರಲಿಲ್ಲ. ಉಳಿದವರು ನೆಲದ ಲೆಕ್ಕವನ್ನು ಒಪ್ಪಿಕೊಂಡು ಉಳಿದರು. ಅದರಿಂದಾಗಿಯೇ, ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ಬಹುಪಾಲು ನೇಗಿಲಿಗೆ ಸಿಕ್ಕು ಮಾಯವಾದರೂ ಇಲ್ಲಿನದು ದಿಗಂತದಿಂದ ದಿಗಂತಕ್ಕೆ ಇಡಿಯಾಗಿ ಉಳಿದಿದೆ.

ಇದರಲ್ಲಿ ನೋವಿಲ್ಲವೆಂದಲ್ಲ. ಮುಚ್ಚಿದ ಒಂದು ಕೋಣೆಯ ಶಾಲೆಗಳು ಹೊಲದ ನಡುವೆ ನಿಂತಿವೆ. 97ನೇ ಹೆದ್ದಾರಿಯಲ್ಲಿ ವ್ಯಾಲೆಂಟೈನ್‌ನಿಂದ ಮಲ್ಲೆನ್‌ವರೆಗೆ ಸುಮಾರು 118 ಕಿಲೋಮೀಟರ್ ದಾರಿಯಲ್ಲಿ ಒಂದು ಪೇಟೆಯಿಲ್ಲ. ಯಾರಿಗಾದರೂ ಎದೆನೋವು ಬಂದರೆ ಆ ದೂರವನ್ನು ಕ್ರಮಿಸಲೇಬೇಕು. ಗಾಳಿವಿದ್ಯುತ್ ಕಂಬಗಳು ಬೇಕೋ ಬೇಡವೋ ಎಂಬ ವ್ಯಾಜ್ಯ ನೆರೆಹೊರೆಯವರನ್ನೇ ಎರಡು ಮಾಡಿದೆ. ಬೆಂಕಿ ಬೀಳದ ಕಡೆ ಸೀಡರ್ ಮರಗಳು ಹುಲ್ಲನ್ನು ನುಂಗುತ್ತ ಬರುತ್ತಿವೆ. ಭೂಮಿಯ ಬೆಲೆ ಏರಿ, ರಾಂಚಿನ ಮಕ್ಕಳಿಗೇ ರಾಂಚು ಕೊಳ್ಳುವುದು ಕಷ್ಟವಾಗಿದೆ.

ಆದರೆ ಜನ ಕಡಿಮೆಯಿದ್ದಲ್ಲಿ ಒಬ್ಬೊಬ್ಬರಿಗೂ ಕೆಲಸವಿರುತ್ತದೆ. ಸಿಡಿಲಿಗೆ ಹುಲ್ಲು ಹೊತ್ತಿಕೊಂಡರೆ ನೀರಿನ ಟ್ಯಾಂಕು ಹೇರಿದ ತಮ್ಮ ಪಿಕಪ್ ಗಾಡಿಗಳಲ್ಲಿ ರಾಂಚಿನವರೇ ಓಡಿಬರಬೇಕು, ಬರುತ್ತಾರೆ. ವಸಂತದಲ್ಲಿ ಕರುಗಳಿಗೆ ಮುದ್ರೆ ಹಾಕುವ ದಿನ ಸುತ್ತಲಿನವರೆಲ್ಲ ಸೇರುತ್ತಾರೆ. ಇವತ್ತು ಇವರ ಮನೆಯಲ್ಲಿ, ನಾಳೆ ಅವರ ಮನೆಯಲ್ಲಿ. ಕೂಲಿಯ ಮಾತಿಲ್ಲ, ಮಧ್ಯಾಹ್ನದ ಊಟ ಮಾತ್ರ ಭರ್ಜರಿ. ಮೆರಿಮನ್ ಹತ್ತಿರ ರಾಂಚು ನಡೆಸುತ್ತಿದ್ದ ಈವಾ ಬೌರಿಂಗ್ 1954ರಲ್ಲಿ ನೆಬ್ರಾಸ್ಕಾದಿಂದ ಅಮೆರಿಕದ ಸೆನೆಟ್ ಸೇರಿದ ಮೊದಲ ಹೆಣ್ಣುಮಗಳು. ಕೆಲವು ತಿಂಗಳ ಆ ಅವಧಿ ಮುಗಿದ ಮೇಲೂ ಆಕೆಯ ಮನೆ ಆ ರಾಂಚೇ ಆಗಿತ್ತು. 1985ರಲ್ಲಿ ತೀರಿಕೊಳ್ಳುವಾಗ ಅದನ್ನು ರಾಜ್ಯಕ್ಕೆ ಬಿಟ್ಟುಹೋದರು. ಇಂದು ಯಾರು ಬೇಕಾದರೂ ಹೋಗಿ ಆಕೆಯ ಗಾಜು, ಪಿಂಗಾಣಿ, ಬೆಳ್ಳಿಯ ಸಂಗ್ರಹವನ್ನೂ ಹೊರಗೆ ಮೇಯುವ ಹೆರೆಫರ್ಡ್ ದನಗಳನ್ನೂ ನೋಡಬಹುದು.

ಕೋಡಿ ಎಂಬ ಊರಿನದು ಇನ್ನೂ ಹತ್ತಿರದ ಕತೆ. ಇನ್ನೂರು ಜನವೂ ಇಲ್ಲದ ಆ ಊರಿನಲ್ಲಿ ದಿನಸಿ ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಹಾಲಿಗೂ ಬ್ರೆಡ್ಡಿಗೂ ದೂರದ ಪೇಟೆಗೆ ಹೋಗಬೇಕಿತ್ತು. ಶಾಲೆಯ ಮಕ್ಕಳು ತಾವೇ ಅಂಗಡಿ ನಡೆಸುತ್ತೇವೆ ಎಂದರು. ದೊಡ್ಡವರು ಜೊತೆಗೆ ನಿಂತರು. ಒಣಹುಲ್ಲಿನ ಹೊರೆಗಳನ್ನು ಪೇರಿಸಿ, ಮೇಲೆ ಗಾರೆ ಬಳಿದು ಕಟ್ಟಡ ಎಬ್ಬಿಸಿದರು. 2013ರಲ್ಲಿ ಸರ್ಕಲ್ ಸಿ ಮಾರ್ಕೆಟ್ ಬಾಗಿಲು ತೆರೆಯಿತು. ಲೆಕ್ಕ ಬರೆಯುವುದು, ಸಾಮಾನು ತರಿಸುವುದು, ಬೆಲೆ ಕಟ್ಟುವುದು ಎಲ್ಲ ಮಕ್ಕಳ ಪಾಠದ ಭಾಗವಾಯಿತು. ಸುತ್ತಲಿನ ಎಲ್ಲರನ್ನೂ ಹೊತ್ತ ಆ ಹುಲ್ಲೇ ಇಲ್ಲಿ ಗೋಡೆಯೂ ಆಯಿತು.

ಮೆರಿಟ್ ಜಲಾಶಯದ ದಂಡೆಯಲ್ಲಿ 1994ರಿಂದ ಪ್ರತಿ ಬೇಸಿಗೆಯ ಅಮಾವಾಸ್ಯೆಯ ಸುಮಾರಿಗೆ ನಕ್ಷತ್ರ ನೋಡುವವರ ಮೇಳ ಸೇರುತ್ತದೆ. ದೂರದೂರದ ನಗರಗಳವರು ದೂರದರ್ಶಕ ಹೇರಿಕೊಂಡು ಬರುತ್ತಾರೆ, ಯಾಕೆಂದರೆ ಅಷ್ಟು ಕಡುಗತ್ತಲೆ ಅವರ ಊರುಗಳಲ್ಲಿ ಉಳಿದಿಲ್ಲ. 2022ರಲ್ಲಿ ಈ ಜಾಗಕ್ಕೆ ಅಂತಾರಾಷ್ಟ್ರೀಯ ಕತ್ತಲಾಗಸ ಉದ್ಯಾನವೆಂಬ ಮಾನ್ಯತೆಯೂ ಬಂತು. ಹಾಲುದಾರಿಯ ಬೆಳಕಿಗೆ ಅಂಗೈಯ ನೆರಳು ಕಾಣುವ ರಾತ್ರಿಗಳನ್ನು ಈ ಸೀಮೆಯ ಮಕ್ಕಳು ಸಹಜವೆಂದುಕೊಂಡು ಬೆಳೆಯುತ್ತಾರೆ. ಜನ ತುಂಬಿದ ಊರುಗಳು ಕಳೆದುಕೊಂಡ ಇಂಥ ಎಷ್ಟೋ ಸಂಪತ್ತು ಜನ ತುಂಬದ ಈ ಊರಿನಲ್ಲಿ ಜೋಪಾನವಾಗಿದೆ.

2030ರಲ್ಲಿ ಮತ್ತೆ ಗಣತಿಯವರು, ದನ ದಾಟದಂತೆ ದಾರಿಗೆ ಹಾಸಿದ ಕಂಬಿಗಳ ಆಟೊಗೇಟುಗಳನ್ನು ದಾಟಿಕೊಂಡು, ಒಂದು ಮನೆಯಿಂದ ಇನ್ನೊಂದು ಮನೆಗೆ ಅರ್ಧ ಗಂಟೆ ಗಾಡಿ ಓಡಿಸಿಕೊಂಡು ಬರುತ್ತಾರೆ. ಸಂಖ್ಯೆ ಇನ್ನೂ ಇಳಿದಿದ್ದರೂ ಇಳಿದಿರಬಹುದು. ಅದನ್ನು ಓದಿ ನಾನು ಮರುಗುವುದಿಲ್ಲ. ಕೋಡಿಯ ಶಾಲೆ ನಡೆಯುತ್ತಿದೆಯೇ, ಕರುಗಳಿಗೆ ಮುದ್ರೆ ಹಾಕುವ ದಿನ ನೆರೆಯವರು ಬಂದರೇ, ಬ್ಲೋಔಟಿನ ಹೂವು ಅರಳಿತೇ ಎಂದು ಮೊದಲು ವಿಚಾರಿಸುತ್ತೇನೆ. ಒಂದು ನೆಲ ಎಷ್ಟು ಮಂದಿಯನ್ನು ಹೊತ್ತಿದೆ ಎಂಬುದಕ್ಕಿಂತ, ಹೊತ್ತವರನ್ನು ಚೆನ್ನಾಗಿ ಹೊತ್ತಿದೆಯೇ, ಅವರೂ ಅದನ್ನು ಚೆನ್ನಾಗಿ ನೋಡಿಕೊಂಡಿದ್ದಾರೆಯೇ ಎಂಬುದೇ ದೊಡ್ಡ ಲೆಕ್ಕ. ಆ ಲೆಕ್ಕದಲ್ಲಿ ಚೆರಿ ಕೌಂಟಿ ಬಡವಲ್ಲ.